ಪೇಜ್‌ಮೇಕರ್‌ಗಾಗಿ ಇಟ್ಟುಕೊಂಡಿರುವ ವಿಂಡೋಸ್ 7 ಕಂಪ್ಯೂಟರನ್ನು ಇನ್ನೂ ಕೆಲವು ವರ್ಷ ನಡೆಸಬಹುದೇ?

ನಿಮ್ಮ ಪ್ರಶ್ನೆ ಓದಿದೆ. ಇಳಕಲ್ಲಿನಲ್ಲಿ ಡಿಟಿಪಿ ಅಂಗಡಿ, 4 ಜಿಬಿ ರ‍್ಯಾಮಿನ ವಿಂಡೋಸ್ 7 ಕಂಪ್ಯೂಟರ್, ಅದರಲ್ಲಿ ಪುಟ ಜೋಡಿಸುವ ಪೇಜ್‌ಮೇಕರ್ 7 ಮತ್ತು ಕನ್ನಡ ಟೈಪಿಂಗಿನ ನುಡಿ. ಕ್ರೋಮ್ ಅಪ್‌ಡೇಟ್ ನಿಂತಿದೆ, ಎಷ್ಟೋ ಸೈಟು ತೆರೆಯುವುದಿಲ್ಲ, ಹೊಸ ಪ್ರೋಗ್ರಾಂ ಹಾಕಹೋದರೆ ಯಾವುದೋ ಡಿಎಲ್‌ಎಲ್ (ಪ್ರೋಗ್ರಾಂ ಓಡಲಿಕ್ಕೆ ಬೇಕಾದ ಸಹಾಯಕ ಫೈಲು) ಇಲ್ಲ ಅನ್ನುತ್ತದೆ. ಕೇಳಿದವರೆಲ್ಲ ಹೊಸ ಸಿಸ್ಟಂ ತಗೊಳ್ಳಿ ಅಂತಾರೆ, ಬೇರೆ ದಾರಿ ಇಲ್ಲವಾ ಅಂತ ಕೇಳಿದ್ದೀರಿ. ಇದೆ. ನಾನು ಮುಧೋಳದಲ್ಲಿ 2006ರಿಂದ ಇದೇ ಕೆಲಸ ಮಾಡುತ್ತಿದ್ದೇನೆ. ನನ್ನ ಅಂಗಡಿಯಲ್ಲಿ ಇವತ್ತಿಗೂ ಒಂದು ವಿಂಡೋಸ್ 7 ದಿನಾ ಶುರುವಾಗುತ್ತದೆ.

ಹೊಸದು ತಗೊಳ್ಳಿ ಅನ್ನುವವರಿಗೆ ನಮ್ಮ ಕಸುಬಿನ ಒಳಗು ಗೊತ್ತಿರುವುದಿಲ್ಲ. ನಮ್ಮ ಕಡೆ ಗಿರಾಕಿ ಹೊಸ ಡಿಸೈನ್ ಕೇಳುವುದು ಕಡಿಮೆ. "ಅಣ್ಣಾರ, ನಮ್ಮ ಅಕ್ಕನ ಮದಿವಿ ಪತ್ರಿಕಿ ನೀವ ಮಾಡಿದ್ರಿ, ಹಂಗ ಇರ್ಲಿ, ಹೆಸರು ತಾರೀಖು ಅಷ್ಟ ಬದ್ಲಿ ಮಾಡ್ರಿ" ಅನ್ನುತ್ತಾರೆ. ಊರ ಜಾತ್ರೆಯ ಕರಪತ್ರ, ಮಹಾಲಿಂಗಪುರದ ಬೆಲ್ಲದ ಅಡತಿಯವರ ಬಿಲ್ ಬುಕ್ಕು, ಎಲ್ಲವೂ ಹೋದ ವರ್ಷದ ಫೈಲನ್ನೇ ತೆಗೆದು ತಿದ್ದುವ ಕೆಲಸ. ಆ ಫೈಲುಗಳೋ ನುಡಿಯ ಹಳೇ ಆಸ್ಕಿ ಫಾಂಟಿನಲ್ಲಿವೆ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ ಫಾಂಟು ಅದು. ಫಾಂಟ್ ತೆಗೆದರೆ ‘ಕನ್ನಡ’ ಅನ್ನುವ ಪದವೂ ತಲೆಯ ಮೇಲೆ ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳ ರಾಶಿ. ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ, ಅದಕ್ಕೆ ಯುನಿಕೋಡ್, ಅಂದರೆ ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಖ್ಯೆ ಇರುವ ಈಗಿನ ಪದ್ಧತಿ, ತಿಳಿಯುವುದೇ ಇಲ್ಲ. ಆಮೇಲೆ ಪೇಜ್‌ಮೇಕರಿನ ಕಂಪನಿ ಅಡೋಬಿಯವರು ಪುಟ ಜೋಡಿಸುವ ತಮ್ಮ ಇನ್ನೊಂದು ಪ್ರೋಗ್ರಾಂ ಇನ್‌ಡಿಸೈನ್ ಕಡೆ ಹೋದರು, ಅದರಲ್ಲೂ ಪೇಜ್‌ಮೇಕರ್ ಫೈಲ್ ತೆರೆಯುವ ಸೌಲಭ್ಯ ಸಿಎಸ್ 6 ಆವೃತ್ತಿಗೇ ಮುಗಿಯಿತು. ಜೊತೆಗೆ ಆಫ್‌ಸೆಟ್ ಮುದ್ರಣದ ಪ್ಲೇಟಿಗೆ ಟ್ರೇಸಿಂಗ್ ಹಾಳೆ ತೆಗೆಯುವ ನನ್ನ ಲೇಸರ್ ಪ್ರಿಂಟರಿಗೆ ಹೊಸ ವಿಂಡೋಸಿನ ಡ್ರೈವರ್ ಇಲ್ಲ. ಹೀಗಿರುವಾಗ ಹಳೇದನ್ನು ಬಿಡುವುದಿಲ್ಲ ಅನ್ನುವ ನಿಮ್ಮ ಮಾತಿನಲ್ಲಿ ತಪ್ಪೇನೂ ಇಲ್ಲ.

ಮೊದಲು ಒಂದು ಸಣ್ಣ ಪರೀಕ್ಷೆ ಮಾಡ್ರಿ. ಪರದೆಯ ಮೂಲೆಯಲ್ಲಿ ತಾರೀಖು ನೋಡ್ರಿ. ಕಂಪ್ಯೂಟರ್ ಆರಿಸಿ, ಪ್ಲಗ್ ತೆಗೆದು, ಮರುದಿನ ಹಚ್ಚಿದಾಗ ಅದು ಹಿಂದಿನ ಯಾವುದೋ ವರ್ಷಕ್ಕೆ ಹೋಗಿದ್ದರೆ ಮದರ್‌ಬೋರ್ಡ್ ಮೇಲಿನ ಸಿಆರ್ 2032 ಸೆಲ್ ಸತ್ತಿದೆ. ಪ್ರತಿ ಸೈಟೂ ತಾನು ಅಸಲಿ ಅಂತ ಬ್ರೌಸರಿಗೆ ತೋರಿಸುವ ಪ್ರಮಾಣಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇರುತ್ತದೆ. ಕಂಪ್ಯೂಟರಿನ ತಾರೀಖು ತಪ್ಪಿದ್ದರೆ ಬ್ರೌಸರ್ ಎಲ್ಲ ಸೈಟನ್ನೂ ‘ಸುರಕ್ಷಿತವಲ್ಲ’ ಅಂತ ತಳ್ಳಿಬಿಡುತ್ತದೆ. ವಾಚ್ ಅಂಗಡಿಯಲ್ಲೂ ಸಿಗುವ ಈ ಸೆಲ್ ಬದಲಾಯಿಸಿದ್ದಕ್ಕೇ ಸರಿಹೋದ ಕಂಪ್ಯೂಟರುಗಳನ್ನು ನಾನು ಬಹಳ ನೋಡಿದ್ದೇನೆ.

ತಾರೀಖು ಸರಿಯಿದ್ದೂ ತೊಂದರೆ ಇದ್ದರೆ ಅಪ್‌ಡೇಟ್ ಕಡೆ ಬರೋಣ. ವಿಂಡೋಸ್ 7 ಬಂದದ್ದು 2009ರ ಅಕ್ಟೋಬರಿನಲ್ಲಿ. ಮೈಕ್ರೋಸಾಫ್ಟ್ 2020ರ ಜನವರಿ 14ಕ್ಕೆ ಅದರ ಬೆಂಬಲ ನಿಲ್ಲಿಸಿತು, ದುಡ್ಡು ಕೊಟ್ಟವರಿಗೆ ಸಿಗುತ್ತಿದ್ದ ಅಪ್‌ಡೇಟೂ 2023ರ ಜನವರಿಗೆ ಮುಗಿಯಿತು. ಆದರೆ ಅಲ್ಲಿಯವರೆಗೆ ಬಂದ ಅಪ್‌ಡೇಟುಗಳೆಲ್ಲ ನಿಮ್ಮಲ್ಲಿ ಇವೆಯಾ ಅನ್ನುವುದೇ ಪ್ರಶ್ನೆ. ಬಹಳ ಅಂಗಡಿಗಳಲ್ಲಿ ಇರುವುದಿಲ್ಲ. ಯಾರೋ ಸಿಡಿಯಿಂದ ಹಾಕಿಕೊಟ್ಟು ಅಪ್‌ಡೇಟ್ ಬಂದ್ ಮಾಡಿ ಹೋಗಿರುತ್ತಾರೆ. ಸರ್ವಿಸ್ ಪ್ಯಾಕ್ 1 (ಮೈಕ್ರೋಸಾಫ್ಟಿನ ಹಳೇ ಅಪ್‌ಡೇಟುಗಳ ಒಟ್ಟು ಕಟ್ಟು) ಇಲ್ಲದಿದ್ದರೆ ಮೊದಲು ಅದು. ಆಮೇಲೆ ಮೈಕ್ರೋಸಾಫ್ಟ್ ಅಪ್‌ಡೇಟ್ ಕ್ಯಾಟಲಾಗ್ ಸೈಟಿನಿಂದ, ಬೇಕಾದರೆ ಬೇರೆ ಕಂಪ್ಯೂಟರಿನಲ್ಲಿ ಇಳಿಸಿಕೊಂಡು, ಕೆಬಿ 4490628 ಅನ್ನುವ ನಂಬರಿನ ಅಪ್‌ಡೇಟ್ ಹಾಕ್ರಿ, ಅದಾದ ಮೇಲೆ ಕೆಬಿ 4474419. 2019ರಿಂದ ಮೈಕ್ರೋಸಾಫ್ಟ್ ತನ್ನ ಅಪ್‌ಡೇಟುಗಳಿಗೆ ಎಸ್‌ಎಚ್‌ಎ-2 ಎಂಬ ಹೊಸ ಬಗೆಯ ಡಿಜಿಟಲ್ ಸಹಿ ಹಾಕತೊಡಗಿತು, ಈ ಎರಡಿಲ್ಲದ ವಿಂಡೋಸ್ 7 ಆ ಸಹಿಯನ್ನು ಗುರುತಿಸುವುದಿಲ್ಲ. ಅದಕ್ಕೇ ಮುಂದಿನ ಅಪ್‌ಡೇಟುಗಳು ಒಳಗೆ ಹೋಗದೆ ವಾಪಸ್ ಬರುತ್ತವೆ, ಕೆಲವು ಹೊಸ ಡ್ರೈವರುಗಳೂ ಅಷ್ಟೇ.

ನೀವು ಬರೆದ ಡಿಎಲ್‌ಎಲ್ ದೂರು ಎರಡು ಬಗೆಯದು, ಎರಡಕ್ಕೂ ಮದ್ದು ಬೇರೆ ಬೇರೆ. ಇಲ್ಲದ ಫೈಲಿನ ಹೆಸರು ‘ಎಪಿಐ-ಎಂಎಸ್-ವಿನ್-ಸಿಆರ್‌ಟಿ’ ಅಂತ ಶುರುವಾಗುತ್ತಿದ್ದರೆ ಅದು ಸುಲಭ. ಕೆಬಿ 2999226 ಎಂಬ ಅಪ್‌ಡೇಟ್ ಹಾಕಿದರೆ ಮುಗಿಯಿತು. ಯಾವುದೋ ಸೈಟಿಗೆ ಹೋಗಿ ಆ ಒಂದು ಡಿಎಲ್‌ಎಲ್ ಮಾತ್ರ ಇಳಿಸಿ ಸಿಸ್ಟಂ ಫೋಲ್ಡರಿನಲ್ಲಿ ಹಾಕಬೇಡ್ರಿ, ದಯವಿಟ್ಟು. ಅಂಥ ಸೈಟುಗಳಿಂದ ಡಿಎಲ್‌ಎಲ್ ಬದಲು ಏನು ಬರುತ್ತದೋ ಹೇಳಲಿಕ್ಕಾಗುವುದಿಲ್ಲ. ಇನ್ನೊಂದು ಬಗೆಯಲ್ಲಿ ‘ಪ್ರೊಸೀಜರ್ ಎಂಟ್ರಿ ಪಾಯಿಂಟ್’ ಸಿಗಲಿಲ್ಲ, ವಿಂಡೋಸಿನ ಕರ್ನೆಲ್ 32 ಫೈಲಿನಲ್ಲಿ ಇಲ್ಲ ಅಂತ ಬರುತ್ತದೆ. ಇದು ಅಸಲಿ ಸಮಸ್ಯೆ. ಹೊಸ ಪ್ರೋಗ್ರಾಂ, ವಿಂಡೋಸ್ 8ರಲ್ಲೋ 10ರಲ್ಲೋ ಹುಟ್ಟಿದ ಫಂಕ್ಷನ್ನನ್ನು (ವಿಂಡೋಸ್ ಪ್ರೋಗ್ರಾಮಿಗೆ ಮಾಡಿಕೊಡುವ ಸಣ್ಣ ಕೆಲಸ) ಹೆಸರು ಹಿಡಿದು ಕರೆಯುತ್ತದೆ, 7ರಲ್ಲಿ ಆ ಹೆಸರಿನವರು ಯಾರೂ ಇಲ್ಲ. ಇದಕ್ಕೆ ವಿಎಕ್ಸ್‌ಕೆಕ್ಸ್ ಅನ್ನುವ ಪುಕ್ಕಟೆ ತಂತ್ರಾಂಶ ಇದೆ. ಹಾಕಿದ ಮೇಲೆ ಯಾವ ಪ್ರೋಗ್ರಾಂ ಹಟ ಮಾಡುತ್ತದೋ ಅದರ ಪ್ರಾಪರ್ಟೀಸಿಗೆ ಹೋಗಿ ವಿಎಕ್ಸ್‌ಕೆಕ್ಸ್ ಟ್ಯಾಬಿನಲ್ಲಿ ಟಿಕ್ ಮಾಡಬೇಕು, ಆ ಪ್ರೋಗ್ರಾಮಿಗಷ್ಟೇ ಕೊರತೆ ಬಿದ್ದ ಫಂಕ್ಷನ್ನುಗಳನ್ನು ಒದಗಿಸುತ್ತದೆ. ಎಲ್ಲವೂ ಓಡುವುದಿಲ್ಲ. ಓಡಿದ್ದೂ ಮುಂದಿನ ಆವೃತ್ತಿಯಲ್ಲಿ ನಿಲ್ಲಬಹುದು. ಹೀಗಾಗಿ ಓಡುತ್ತಿರುವ ಆವೃತ್ತಿಯ ಸೆಟಪ್ ಫೈಲನ್ನು ಅಳಿಸದೆ ಒಂದು ಫೋಲ್ಡರಿನಲ್ಲಿ ಇಟ್ಟುಕೊಳ್ಳುವುದು ನನ್ನ ರೂಢಿ. ಪುಕ್ಕಟೆ ಸಿಗುವ ಆಫೀಸ್ ತಂತ್ರಾಂಶ ಲಿಬ್ರೆಆಫೀಸ್ ವಿಷಯದಲ್ಲಿ ಇದು ನೇರವಾಗಿ ಅನ್ವಯಿಸುತ್ತದೆ: 25.2ರವರೆಗಿನದು ವಿಂಡೋಸ್ 7ರಲ್ಲಿ ನಡೆಯುತ್ತದೆ, 25.8ರಿಂದ ಇಲ್ಲ.

ಬ್ರೌಸರಿಗೆ ಬಂದರೆ, ಕ್ರೋಮಿನ 109ನೇ ಆವೃತ್ತಿಯೇ ವಿಂಡೋಸ್ 7ಕ್ಕೆ ಕಡೇದು. 2023ರ ಫೆಬ್ರವರಿಯಲ್ಲಿ ಬಂದ 110ಕ್ಕೆ ವಿಂಡೋಸ್ 10 ಬೇಕು. ಕ್ರೋಮ್ ತೆಗೆದು ಫೈರ್‌ಫಾಕ್ಸ್ 115 ಇಎಸ್‌ಆರ್ (ಹೆಚ್ಚು ಕಾಲ ಅಪ್‌ಡೇಟ್ ಸಿಗುವ ಆವೃತ್ತಿ) ಹಾಕ್ರಿ. ವಿಂಡೋಸ್ 7ರಂಥ ಹಳೇ ಸಿಸ್ಟಮ್ಮುಗಳಿಗಾಗಿ ಫೈರ್‌ಫಾಕ್ಸ್ ಮಾಡುವ ಮೊಜಿಲ್ಲಾದವರು ಆ ಸಾಲನ್ನು ಜೀವಂತ ಇಟ್ಟು, ನಿಲ್ಲಿಸುವ ದಿನಾಂಕವನ್ನು ಒಂದಕ್ಕಿಂತ ಹೆಚ್ಚು ಸಲ ಮುಂದೆ ಹಾಕಿದ್ದಾರೆ. ನಿಂತರೆ ಸುದ್ದಿ ನಿಮಗೆ ಗೊತ್ತಾಗಬೇಕು, ಆಗಾಗ ನೋಡುತ್ತಿರಿ. ಫೈರ್‌ಫಾಕ್ಸ್ ಇನ್ನೊಂದು ಕಾರಣಕ್ಕೂ ಒಳ್ಳೇದು: ಯಾವ ಪ್ರಮಾಣಪತ್ರ ನಂಬಬೇಕು ಅನ್ನುವ ಪಟ್ಟಿಯನ್ನು ತಾನೇ ಹೊತ್ತು ತರುತ್ತದೆ, ವಿಂಡೋಸಿನ ಹಳೇ ಪಟ್ಟಿಯನ್ನು ನೆಚ್ಚುವುದಿಲ್ಲ. ಕ್ರೋಮೇ ಬೇಕು ಅನ್ನಿಸಿದರೆ ಸೂಪರ್‌ಮಿಯಂ ಇದೆ, ಕ್ರೋಮಿಗೆ ಮೂಲವಾದ ಕ್ರೋಮಿಯಮ್ಮಿನ ಹೊಸ ಆವೃತ್ತಿಗಳನ್ನು ಹಳೇ ವಿಂಡೋಸಿಗೆ ಹೊಂದಿಸಿ ಕೊಡುವಂಥದ್ದು. ಅದರ ಸ್ವಂತ ಸೈಟಿನಿಂದಲೇ ತಗೊಳ್ಳಿ. 4 ಜಿಬಿಯಲ್ಲಿ ನಾಲ್ಕೈದು ಟ್ಯಾಬಿಗಿಂತ ಹೆಚ್ಚು ತೆರೆದರೆ ಪೇಜ್‌ಮೇಕರ್ ನಡುಗುತ್ತದೆ.

ವೇಗಕ್ಕೆ ಹಳೇ ಹಾರ್ಡ್‌ಡಿಸ್ಕಿನ ಬದಲು ಎಸ್‌ಎಸ್‌ಡಿ. 256 ಜಿಬಿಯ ಸಾಟಾ ಬಗೆಯದು ಸಾಕು, ಅದಕ್ಕಿಂತ ದೊಡ್ಡ ಬದಲಾವಣೆ ಆ ಕಂಪ್ಯೂಟರಿಗೆ ಬೇರೊಂದಿಲ್ಲ. ಅದನ್ನು ಹಾಕುವಾಗ ಬಯಾಸಿನಲ್ಲಿ (ವಿಂಡೋಸಿಗಿಂತ ಮೊದಲು ಬರುವ ಸೆಟ್ಟಿಂಗಿನಲ್ಲಿ) ಡಿಸ್ಕ್ ಹಳೇ ಐಡಿಇ ಬಗೆ ಅಂತ ಇದ್ದದ್ದನ್ನು ಸೀದಾ ಹೊಸ ಎಎಚ್‌ಸಿಐ ಬಗೆಗೆ ಬದಲಾಯಿಸಿದರೆ ನೀಲಿ ಪರದೆ ಬರುತ್ತದೆ. ಮೊದಲು ರಿಜಿಸ್ಟ್ರಿ ಅನ್ನುವ ವಿಂಡೋಸಿನ ಒಳ ಸೆಟ್ಟಿಂಗಿನಲ್ಲಿ ಎಎಚ್‌ಸಿಐ ಡ್ರೈವರನ್ನು ಚಾಲೂ ಮಾಡಬೇಕು, ಇದನ್ನು ತಿಳಿದವರ ಕೈಲಿ ಮಾಡಿಸ್ರಿ.

ಇನ್ನು ಒಂದು ವಿಷಯದಲ್ಲಿ ನಾನು ಕಟ್ಟುನಿಟ್ಟು. ಈ ಯಂತ್ರದಲ್ಲಿ ದುಡ್ಡಿನ ವ್ಯವಹಾರ ಬೇಡ. ಬ್ಯಾಂಕು, ಜಿಎಸ್‌ಟಿ, ಗಿರಾಕಿಗಳ ಆಧಾರ್ ಪ್ರಿಂಟು, ಯಾವುದೂ ಬೇಡ. 2020ರ ನಂತರ, ದುಡ್ಡು ಕೊಟ್ಟಿದ್ದರೂ 2023ರ ನಂತರ, ಪತ್ತೆಯಾದ ಸುರಕ್ಷತೆಯ ತೂತುಗಳಿಗೆ ಇದರಲ್ಲಿ ತೇಪೆಯೇ ಇಲ್ಲ, ಬ್ರೌಸರ್ ಎಷ್ಟೇ ಹೊಸದಿರಲಿ. 2017ರ ಮೇ ತಿಂಗಳ, ಫೈಲಿಗೆ ಬೀಗ ಹಾಕಿ ದುಡ್ಡು ಕೇಳುವ ವಾನಾಕ್ರೈ ವೈರಸ್ ನೆನಪಿರಬಹುದು. ತೇಪೆ ಮಾರ್ಚಿನಲ್ಲೇ ಬಂದಿತ್ತು, ಆದರೂ ಹಾಕಿಕೊಳ್ಳದ ಲಕ್ಷಗಟ್ಟಲೆ ಕಂಪ್ಯೂಟರುಗಳ ಫೈಲು ಬೀಗ ಬಿದ್ದವು, ಅದರಲ್ಲಿ ಹೆಚ್ಚಿನವು ವಿಂಡೋಸ್ 7. ನಮ್ಮಂಥ ಅಂಗಡಿಗೆ ಅದಕ್ಕಿಂತ ಹತ್ತಿರದ ಅಪಾಯ ಗಿರಾಕಿಯ ಪೆನ್‌ಡ್ರೈವ್. ಫೋಲ್ಡರಿನ ಜಾಗದಲ್ಲಿ ಅದೇ ಹೆಸರಿನ ಶಾರ್ಟ್‌ಕಟ್ ಕೂತಿರುತ್ತದೆ, ಒತ್ತಿದರೆ ವೈರಸ್ ಒಳಗೆ, ಮುಗಿಯಿತು. ಫೋಲ್ಡರ್ ಆಪ್ಷನ್ಸಿನಲ್ಲಿ ಬಚ್ಚಿಟ್ಟ ಫೈಲುಗಳೂ ಎಕ್ಸ್‌ಟೆನ್ಷನ್ನೂ ಕಾಣುವ ಹಾಗೆ ಮಾಡಿಟ್ಟರೆ ಕಣ್ಣಿಗೇ ಗೊತ್ತಾಗುತ್ತದೆ. ನನ್ನಲ್ಲಿ ಪೆನ್‌ಡ್ರೈವ್ ಮೊದಲು ಹೋಗುವುದು ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಮಿಂಟ್ ಹಾಕಿದ ಇನ್ನೊಂದು ಹಳೇ ಕಂಪ್ಯೂಟರಿಗೆ. ಇಂಟರ್ನೆಟ್ಟು, ವಾಟ್ಸಾಪಿನಲ್ಲಿ ಬರುವ ಫೋಟೋ ಎಲ್ಲ ಅಲ್ಲೇ. ನಿಮ್ಮಲ್ಲಿ ಒಂದೇ ಯಂತ್ರ ಇದ್ದರೂ ಎಸ್‌ಎಸ್‌ಡಿಯಲ್ಲಿ ಜಾಗ ಬಿಟ್ಟು ಮಿಂಟ್ ಪಕ್ಕದಲ್ಲಿ ಹಾಕಬಹುದು, ಶುರುವಾಗುವಾಗ ಯಾವುದು ಬೇಕು ಅಂತ ಕೇಳುತ್ತದೆ.

ಇಷ್ಟೆಲ್ಲ ಹೇಳಿದ್ದು ಯಂತ್ರ ಉಳಿಸುವ ಮಾತು. ಆದರೆ ನಾನು ಈ ಉತ್ತರ ಬರೆಯಲಿಕ್ಕೆ ಕೂತದ್ದು ಫೈಲಿನ ಸಲುವಾಗಿ.

2019ರ ಆಗಸ್ಟಿನಲ್ಲಿ ಘಟಪ್ರಭೆ ತುಂಬಿ ಬಂದಾಗ ನನ್ನ ಅಂಗಡಿ ತಗ್ಗಿನ ಓಣಿಯಲ್ಲಿತ್ತು. ಹಿಡಕಲ್ ಡ್ಯಾಮಿನಿಂದ ನೀರು ಬಿಡುತ್ತಾರೆ ಅಂತ ಸುದ್ದಿ ಇತ್ತು, ನಾನು ಸಿಪಿಯು ಎತ್ತಿ ಕಪಾಟಿನ ಮೇಲೆ ಇಟ್ಟು ಮನೆಗೆ ಹೋದೆ. ನೀರು ಕಪಾಟನ್ನೂ ಮುಳುಗಿಸಿತು. ಬ್ಯಾಕಪ್ ಇತ್ತು, ಆದರೆ ಆ ಹಾರ್ಡ್‌ಡಿಸ್ಕೂ ಅದೇ ಕಪಾಟಿನಲ್ಲಿತ್ತು. ಹದಿಮೂರು ವರ್ಷದ ಕೆಲಸ ರಾಡಿಯಾಯಿತು. ನೀರಿಳಿದ ಮೇಲೆ ನಾನು ಆಫ್‌ಸೆಟ್ಟಿಗೆ ಕಳಿಸುತ್ತಿದ್ದ ಜಮಖಂಡಿಯ ಪ್ರೆಸ್ಸಿನವರು ತಮ್ಮ ಕಂಪ್ಯೂಟರ್ ಹುಡುಕಿ ನನ್ನ ಫೈಲು ಸಿಕ್ಕಷ್ಟನ್ನು ಎರಡು ಡಿವಿಡಿಯಲ್ಲಿ ಹಾಕಿ ಕೊಟ್ಟರು, ಸುಮಾರು ಮೂರರಲ್ಲಿ ಒಂದು ಪಾಲು. ಆ ಋಣ ನನ್ನ ಮೇಲೆ ಇವತ್ತಿಗೂ ಇದೆ. ಉಳಿದದ್ದು ಹೋಯಿತು. ತೀರಿಕೊಂಡ ಹಿರಿಯರ ಪುಣ್ಯಸ್ಮರಣೆಯ ಪತ್ರಿಕೆಯಲ್ಲಿ ಹಾಕಿದ್ದ ಫೋಟೋ ನಿಮ್ಮಲ್ಲಿ ಇದೆಯೇನು ಅಂತ ಕೇಳಿಕೊಂಡು ಬಂದ ಮನೆಯವರಿಗೆ ಇಲ್ಲ ಅನ್ನಬೇಕಾಯಿತು, ಹೊಳೆ ಅವರ ಮನೆಯ ಫೋಟೋವನ್ನೂ ಒಯ್ದಿತ್ತು.

ಅದಕ್ಕೇ ಹೇಳುತ್ತೇನೆ, ಮೇಲೆ ಬರೆದ ಒಂದು ಅಪ್‌ಡೇಟ್ ಹಾಕುವ ಮೊದಲೂ ಡಿಸ್ಕಿನ ಪೂರ್ತಿ ನಕಲು ತೆಗೀರಿ. ಕ್ಲೋನ್‌ಜಿಲ್ಲಾ ಪುಕ್ಕಟೆ ಸಿಗುತ್ತದೆ, ಪೆನ್‌ಡ್ರೈವಿನಿಂದ ಶುರುವಾಗುತ್ತದೆ. ನಕಲು ಅಂಗಡಿಯಲ್ಲಿ ಇಡಬೇಡ್ರಿ, ಬೇರೆ ಓಣಿಯಲ್ಲಿ, ಸಾಧ್ಯವಿದ್ದರೆ ಬೇರೆ ಊರಿನಲ್ಲಿ ಇಡ್ರಿ. ಜೊತೆಗೆ ಪೇಜ್‌ಮೇಕರಿನ ಸಿಡಿ, ನುಡಿಯ ಸೆಟಪ್, ಪ್ರಿಂಟರ್ ಡ್ರೈವರ್, ಫಾಂಟ್ ಫೋಲ್ಡರ್. ಫಾಂಟ್ ಇಲ್ಲದೆ ಉಳಿದ ಫೈಲು ಉಳಿದ ಹಾಗಲ್ಲ.

ಆಮೇಲೆ ದಿನಕ್ಕೆ ಹತ್ತರಂತೆ ಹಳೇ ಕೆಲಸಗಳನ್ನು ಪಿಡಿಎಫ್ ಮಾಡುತ್ತ ಹೋಗ್ರಿ, ಫಾಂಟ್ ಒಳಗೇ ಸೇರುವ ಆಯ್ಕೆ ಇಟ್ಟು. ಮತ್ತೆ ಮತ್ತೆ ತಿದ್ದಬೇಕಾದವನ್ನು ಯುನಿಕೋಡಿಗೆ ತನ್ನಿ. ನುಡಿ, ಅದರಂಥದೇ ತಂತ್ರಾಂಶ ‘ಬರಹ’, ಎರಡರಲ್ಲೂ ಆಸ್ಕಿಯಿಂದ ಯುನಿಕೋಡಿಗೆ ತರುವ ಪರಿವರ್ತಕ ಇದೆ. ಮಾಡಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಒಂದೊಂದಾಗಿ ನೋಡ್ರಿ, ‘ಕಾರ್ಯ’, ‘ಧರ್ಮ’, ‘ಆಶೀರ್ವಾದ’, ಆಸ್ಕಿಯಲ್ಲಿ ಆ ಗುರುತು ಅಕ್ಷರ ಆದ ಮೇಲೆ ಬರುವುದರಿಂದ ತಪ್ಪುವುದು ಅಲ್ಲೇ. ನಡುವೆ ಇರುವ ಇಂಗ್ಲಿಷ್ ಪದವನ್ನು ಬಿಟ್ಟು ಪರಿವರ್ತಿಸಬೇಕು, ಇಲ್ಲದಿದ್ದರೆ ಅದೂ ಅರ್ಥವಿಲ್ಲದ ಕನ್ನಡವಾಗುತ್ತದೆ. ಲಿಬ್ರೆಆಫೀಸ್ ಡ್ರಾ ಪೇಜ್‌ಮೇಕರ್ ಫೈಲನ್ನು ಸೀದಾ ತೆರೆಯುತ್ತದೆ. ಅಂಚು ಗೆರೆ ಸ್ವಲ್ಪ ಸರಿದಾಡುತ್ತದೆ, ಆದರೆ ಪೇಜ್‌ಮೇಕರ್ ಇಲ್ಲದ ದಿನ ಅದು ದೊಡ್ಡ ಆಸರೆ.

ಮುಂದೆ ಎಂದಾದರೂ ಹೊಸ ಕಂಪ್ಯೂಟರ್ ತಗೊಂಡರೂ ಈ ಹಳೇದನ್ನು ಹಾಗೇ ಅದರೊಳಗೆ ಕೂರಿಸಬಹುದು. ಮೈಕ್ರೋಸಾಫ್ಟಿನದೇ ಡಿಸ್ಕ್2ವಿಎಚ್‌ಡಿ ಅನ್ನುವ ಸಣ್ಣ ಪ್ರೋಗ್ರಾಂ ಓಡುತ್ತಿರುವ ಸಿಸ್ಟಮ್ಮನ್ನೇ ಒಂದು ಫೈಲಾಗಿ ಮಾಡಿಕೊಡುತ್ತದೆ, ಆ ಫೈಲನ್ನು ವರ್ಚುವಲ್‌ಬಾಕ್ಸಿನಲ್ಲಿ (ಒಂದು ಕಂಪ್ಯೂಟರಿನೊಳಗೆ ಇನ್ನೊಂದನ್ನು ನಡೆಸುವ ತಂತ್ರಾಂಶ) ಹಚ್ಚಿದರೆ ಕಿಟಕಿಯೊಳಗೆ ನಿಮ್ಮ ವಿಂಡೋಸ್ 7, ಅದೇ ಡೆಸ್ಕ್‌ಟಾಪು, ಅದೇ ಪೇಜ್‌ಮೇಕರು. ಕಂಪ್ಯೂಟರಿನ ಜೊತೆಗೇ ಬಂದ ವಿಂಡೋಸ್ ಆಗಿದ್ದರೆ ಆ್ಯಕ್ಟಿವೇಶನ್ ಕೇಳಬಹುದು. ಒಳಗಿನದಕ್ಕೆ ಇಂಟರ್ನೆಟ್ ಕೊಡದೆ, ಪಿಡಿಎಫ್ ತೆಗೆದು ಹೊರಗಿನಿಂದ ಪ್ರಿಂಟ್ ಕೊಟ್ಟರೆ ಡ್ರೈವರಿನ ಚಿಂತೆಯೂ ಇಲ್ಲ. ನಾನು ಮನೆಯ ಲ್ಯಾಪ್‌ಟಾಪಿನಲ್ಲಿ ಹೀಗೇ ಇಟ್ಟಿದ್ದೇನೆ, ಮದುವೆ ಸೀಸನ್ನಿನಲ್ಲಿ ರಾತ್ರಿ ಕೆಲಸ ಅಲ್ಲೇ ನಡೆಯುತ್ತದೆ.

ನಿಮ್ಮ ವಿಂಡೋಸ್ 32 ಬಿಟ್ಟಾ 64 ಬಿಟ್ಟಾ, ಪ್ರೊಸೆಸರ್ ಯಾವುದು, ಡಿಸ್ಕಿನಲ್ಲಿ ಎಷ್ಟು ಜಿಬಿ ತುಂಬಿದೆ ಅಂತ ಇಲ್ಲೇ ಕೆಳಗೆ ಬರೀರಿ. ಯಾವ ಅಪ್‌ಡೇಟ್ ಯಾವುದರ ಹಿಂದೆ ಹಾಕಬೇಕು ಅಂತ ನಿಮ್ಮ ಯಂತ್ರಕ್ಕೆ ಹೊಂದುವ ಹಾಗೆ ಬರೆದು ಕೊಡುತ್ತೇನೆ. ನಕಲು ತೆಗೆಯುವ ಕೆಲಸವನ್ನು ಮಾತ್ರ ನನ್ನ ಉತ್ತರಕ್ಕೆ ಕಾಯದೆ ಇವತ್ತು ಸಂಜೆಯೇ ಮಾಡ್ರಿ.