ಫಾರ್ಮಲಿನ್ ಬರುವ ಮೊದಲು

ಪ್ರಶ್ನೆ: ಮಗಳು ಈ ವರ್ಷ ಎಂಬಿಬಿಎಸ್ ಸೇರಿದ್ದಾಳೆ. ಅನಾಟಮಿ (ದೇಹದ ರಚನೆ) ಕ್ಲಾಸ್ ಇದ್ದ ದಿನ ಫಾರ್ಮಲಿನ್ ವಾಸನೆಗೆ ಊಟವೇ ಸೇರುವುದಿಲ್ಲ ಅಂತಾಳೆ. ಹಿಂದಿನ ಕಾಲದಲ್ಲಿ ಇದನ್ನೆಲ್ಲ ಹೇಗೆ ಕಲಿಸುತ್ತಿದ್ದರು? ಹೆಣಗಳು ಎಲ್ಲಿಂದ ಬರುತ್ತಿದ್ದವು? ಫಿಜಿಯಾಲಜಿಯೂ ಇತ್ತಾ?
- ಓದುಗರೊಬ್ಬರು, ಹಾವೇರಿ

ಉತ್ತರ: ಆ ವಾಸನೆ ಇರುವುದೇ ಪುಣ್ಯ ಅಂತ ಮಗಳಿಗೆ ಹೇಳಿ! ಹೆಣ ಕೆಡದಂತೆ ಕಾಪಾಡುವ ಈ ಫಾರ್ಮಲಿನ್ ದ್ರಾವಣ ಬಳಕೆಗೆ ಬಂದಿದ್ದು 1890ರ ದಶಕದಲ್ಲಿ. ಅದಕ್ಕೆ ಮೊದಲು ಬ್ರಿಟನ್ನಿನಲ್ಲಿ ಹೆಣ ಕೊಯ್ಯುವ ಪಾಠ ಹೆಚ್ಚಾಗಿ ಚಳಿಗಾಲದಲ್ಲೇ ನಡೆಯುತ್ತಿತ್ತು. ಬೇಸಿಗೆಯಲ್ಲಿ ಹೆಣ ಎಷ್ಟು ದಿನ ತಡೆದೀತು, ನೀವೇ ಯೋಚಿಸಿ.

ವಾಸನೆಗಿಂತ ದೊಡ್ಡ ತಲೆನೋವು ಹೆಣ ಸಿಗದೇ ಇರುವುದು. 1752ರ ಕಾನೂನಿನ ಪ್ರಕಾರ ಗಲ್ಲಿಗೇರಿದ ಕೊಲೆಗಾರರ ದೇಹ ಕೊಯ್ಯಲು ಸಿಗುತ್ತಿತ್ತು. ಅಂಥವರು ವರ್ಷಕ್ಕೆ ಎಷ್ಟು ಜನ ಇದ್ದಾರು? ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ರಾಬರ್ಟ್ ನಾಕ್ಸ್ ಎಂಬ ಅನಾಟಮಿ ಮೇಷ್ಟ್ರ ಪಾಠಕ್ಕೇ ಸುಮಾರು 500 ವಿದ್ಯಾರ್ಥಿಗಳು ಬರುತ್ತಿದ್ದರು. ಹಾಗಾಗಿ ರಾತ್ರಿ ಗೋರಿ ಅಗೆದು ಹೆಣ ಕದ್ದು ಮಾರುವುದೇ ಒಂದು ಕಸುಬಾಯಿತು. ತಮಾಷೆ ಅಂದ್ರೆ, ಕಾನೂನಿನ ಕಣ್ಣಲ್ಲಿ ಹೆಣ ಯಾರ ಆಸ್ತಿಯೂ ಅಲ್ಲ, ಆದರೆ ಅದಕ್ಕೆ ಸುತ್ತಿದ ಬಟ್ಟೆ ಆಸ್ತಿ. ಅದಕ್ಕೇ ಕಳ್ಳರು ಬಟ್ಟೆಯನ್ನು ಗೋರಿಯಲ್ಲೇ ಬಿಟ್ಟು ಹೆಣ ಮಾತ್ರ ಹೊತ್ತೊಯ್ಯುತ್ತಿದ್ದರು. ಸ್ಕಾಟ್ಲೆಂಡಿನ ಜನ ಗೋರಿಯ ಮೇಲೆ ಕಬ್ಬಿಣದ ಪಂಜರ ಹಾಕಿಸಿ, ರಾತ್ರಿಯಿಡೀ ಕಾವಲು ಕೂರುತ್ತಿದ್ದರು.

ಬರ್ಕ್ ಮತ್ತು ಹೇರ್ ಎಂಬಿಬ್ಬರಿಗೆ ಅಗೆಯುವ ಶ್ರಮವೂ ಬೇಡವಾಯಿತು. ಹೇರ್‌ನ ಮನೆಯಲ್ಲಿ ಬಾಡಿಗೆಗಿದ್ದ ಮುದುಕನೊಬ್ಬ ಕಾಯಿಲೆಯಿಂದ ಸತ್ತ, 4 ಪೌಂಡ್ ಬಾಕಿ ಉಳಿಸಿ. ಅವನ ಹೆಣವನ್ನು ನಾಕ್ಸ್ ಕಡೆಯವರಿಗೆ ಕೊಟ್ಟರೆ 7 ಪೌಂಡ್ 10 ಶಿಲ್ಲಿಂಗ್ ಸಿಕ್ಕಿತು. ರುಚಿ ಹತ್ತಿತು ನೋಡಿ, 1828ರಲ್ಲಿ ಹದಿನಾರು ಜನರನ್ನು ಕೊಂದು ಮಾರಿದರು. ಹೇರ್ ಸರ್ಕಾರಿ ಸಾಕ್ಷಿಯಾಗಿ ತಪ್ಪಿಸಿಕೊಂಡ. ಬರ್ಕ್‌ನನ್ನು 1829ರ ಜನವರಿಯಲ್ಲಿ ಗಲ್ಲಿಗೇರಿಸಿದರು, ಆಮೇಲೆ ಅವನನ್ನೇ ಕೊಯ್ದು ಪಾಠ ಮಾಡಿದರು. ಅವನ ಅಸ್ಥಿಪಂಜರ ಇವತ್ತಿಗೂ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿದೆ. ನಾಕ್ಸ್ ಮೇಲೆ ಕೇಸೇ ಆಗಲಿಲ್ಲ.

1832ರಲ್ಲಿ ಹೊಸ ಕಾನೂನು ಬಂತು. ಬಡವರನ್ನು ಇಟ್ಟುಕೊಳ್ಳುವ ಸರ್ಕಾರಿ ಮನೆಗಳಲ್ಲಿ ಸತ್ತು, ಕೇಳುವವರು ಯಾರೂ ಬಾರದಿದ್ದರೆ ಆ ಹೆಣ ಕಾಲೇಜಿಗೆ. ಗೋರಿಕಳ್ಳರ ಕಾಟ ತಪ್ಪಿತು, ನಿಜ. ಆದರೆ ಕೊಲೆಗಾರನಿಗೆ ಶಿಕ್ಷೆ ಅಂತ ಇದ್ದದ್ದು ಬಡವನ ಪಾಲಿಗೆ ಬಂತು, ಇದನ್ನು ಸುಧಾರಣೆ ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ.

ಫಿಜಿಯಾಲಜಿ, ಅಂದರೆ ದೇಹ ಹೇಗೆ ಕೆಲಸ ಮಾಡುತ್ತದೆ ಎಂಬ ಪಾಠ, ಇತ್ತು, ಆದರೆ ಬರೀ ಬಾಯಿಮಾತಿನಲ್ಲಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ 1836ರಿಂದ ಅನಾಟಮಿ, ಫಿಜಿಯಾಲಜಿ ಎರಡನ್ನೂ ಕಲಿಸಿದ ವಿಲಿಯಂ ಶಾರ್ಪಿ ಒಳ್ಳೆಯ ಮೇಷ್ಟ್ರು. ರಕ್ತದ ಒತ್ತಡವನ್ನು ಸುತ್ತುವ ಉರುಳೆಯ ಮೇಲೆ ಗೆರೆಯಾಗಿ ಬರೆಯುವ ಯಂತ್ರವನ್ನು ಜರ್ಮನಿಯ ಕಾರ್ಲ್ ಲುಡ್ವಿಗ್ 1847ರಲ್ಲೇ ಮಾಡಿದ್ದರು. ಶಾರ್ಪಿ ಅದನ್ನು ವಿವರಿಸಿದ್ದು ಹೇಗೆ ಗೊತ್ತಾ? ತಮ್ಮ ಉದ್ದದ ಹ್ಯಾಟನ್ನೇ ಉರುಳೆ ಮಾಡಿಕೊಂಡು! ಅವರ ಶಿಷ್ಯ ಮೈಕಲ್ ಫಾಸ್ಟರ್ 1870ರಲ್ಲಿ ಕೇಂಬ್ರಿಡ್ಜ್‌ಗೆ ಹೋದರು. ಅವರ ಕ್ಲಾಸಿನಲ್ಲಿ ಕಪ್ಪೆಯ ಹೃದಯ ಬಡಿಯುವುದನ್ನು ವಿದ್ಯಾರ್ಥಿ ತಾನೇ ನೋಡಿ ಬರೆದುಕೊಳ್ಳಬೇಕಿತ್ತು, ಹ್ಯಾಟಿನ ಕೆಲಸ ಮುಗಿದಿತ್ತು.