ಕಮಿಗಿನ್: ಗದ್ದಲ ಬೇಡ ಅನ್ನುವವರ ದ್ವೀಪ

ಪ್ರಶ್ನೆ: ನನಗೂ ನಮ್ಮ ಯಜಮಾನರಿಗೂ ಅರವತ್ತು ದಾಟಿದೆ. ಇಬ್ಬರೂ ಸಸ್ಯಾಹಾರಿಗಳು. ಬಾಲಿ, ಫುಕೆಟ್‌ನಲ್ಲಿ ಜನಜಂಗುಳಿ ಜಾಸ್ತಿ ಅಂತ ಕೇಳಿದ್ದೇವೆ. ಫಿಲಿಪೀನ್ಸ್‌ನ ಕಮಿಗಿನ್‌ಗೆ ಹೋಗಿ ಅನ್ನುತ್ತಾನೆ ಮಗ. ಅಲ್ಲಿ ಜ್ವಾಲಾಮುಖಿ ಇದೆಯಂತೆ, ಭಯವಿಲ್ಲವೇ? ಊಟಕ್ಕೇನು ಗತಿ?
– ಓದುಗರೊಬ್ಬರು, ಸಾಗರ

ಉತ್ತರ: ಖಂಡಿತ ಹೋಗಿ ಬನ್ನಿ. ನಾನು ನೋಡಿದ ದ್ವೀಪಗಳಲ್ಲಿ ಮನಸ್ಸಿಗೆ ತುಂಬಾ ಹತ್ತಿರವಾದದ್ದು ಇದು. ಕಮಿಗಿನ್ ಅಂದರೆ ಒಂದೇ ದ್ವೀಪದ ಪುಟ್ಟ ಪ್ರಾಂತ್ಯ. ಸುತ್ತುವ ರಸ್ತೆ ಸುಮಾರು 64 ಕಿ.ಮೀ. ಅಷ್ಟೇ. ಹಾಗಂತ ಹಲವರು ಬಾಡಿಗೆ ಗಾಡಿ ಹಿಡಿದು ಒಂದೇ ದಿನದಲ್ಲಿ ಸುತ್ತಿ ಮುಗಿಸುತ್ತಾರೆ. ನೀವು ಹಾಗೆ ಮಾಡಬೇಡಿ. ನಾಲ್ಕೈದು ದಿನ ಇರಿ.

ಜ್ವಾಲಾಮುಖಿಯ ವಿಷಯ. ಅಲ್ಲಿನ ಹಿಬೊಕ್-ಹಿಬೊಕ್ ಬೆಟ್ಟ ಕೊನೆಯ ಸಲ ದೊಡ್ಡದಾಗಿ ಸಿಡಿದದ್ದು 1951ರ ಡಿಸೆಂಬರ್‌ನಲ್ಲಿ. ಸುಮಾರು 500 ಜನ ಸತ್ತರು. ಆ ದುರಂತದ ನಂತರವೇ ಫಿಲಿಪೀನ್ಸ್ ಸರ್ಕಾರ ಜ್ವಾಲಾಮುಖಿಗಳ ಮೇಲೆ ಕಣ್ಣಿಡಲು ಆಯೋಗ ರಚಿಸಿತು. ಈಗಲೂ ಆ ನಿಗಾ ಇದೆ. ಎಚ್ಚರಿಕೆ ಕೊಟ್ಟಿದ್ದಾರಾ ಅಂತ ಹೊರಡುವ ಮುಂಚೆ ನೋಡಿಕೊಂಡರೆ ಸಾಕು. ಬೆಟ್ಟ ಹತ್ತುವುದು ಕಷ್ಟದ ಕೆಲಸ, ಅದನ್ನು ಬಿಡಿ. ಅದರ ಬುಡದಲ್ಲೇ ಆರ್ಡೆಂಟ್ ಬಿಸಿನೀರಿನ ಕೊಳಗಳಿವೆ. ಸಂಜೆ ಕತ್ತಲಾಗುವ ಹೊತ್ತಿಗೆ ಹೋಗಿ ಕೂತರೆ ಮಂಡಿನೋವು ಇದ್ದವರಿಗೆ ಎಷ್ಟು ಹಿತ ಅನ್ನಿಸುತ್ತೆ ಗೊತ್ತಾ!

ವೈಟ್ ಐಲ್ಯಾಂಡ್ ಅನ್ನುವ ಮರಳದಿಬ್ಬಕ್ಕೆ ಬೆಳಗಾಗುತ್ತಲೇ ದೋಣಿ ಹಿಡಿಯಿರಿ. ಅಲ್ಲಿ ನೆರಳಿಗೆ ಒಂದು ಮರವೂ ಇಲ್ಲ, ಒಂಬತ್ತು ಗಂಟೆಗೆಲ್ಲ ಬಿಸಿಲು ಸುಡುತ್ತೆ. ಛತ್ರಿ ಮರೆಯಬೇಡಿ. ಬರಿಯ ಬಿಳಿ ಮರಳು, ಸುತ್ತ ತಿಳಿನೀಲಿ ನೀರು, ಎದುರಿಗೆ ಮೋಡ ಹೊತ್ತ ಬೆಟ್ಟ. ಸಮುದ್ರದ ಭರತ-ಇಳಿತಕ್ಕೆ ದಿಬ್ಬದ ಆಕಾರವೇ ಬದಲಾಗುತ್ತೆ.

ಕಟಾರ್ಮನ್ ಕಡೆ ಮುಳುಗಿದ ಸ್ಮಶಾನವಿದೆ. 1871ರ ಸ್ಫೋಟದ ಹೊತ್ತಿಗೆ ಹಳೆ ಊರಿನ ಒಂದು ಭಾಗವೇ ಸಮುದ್ರಕ್ಕೆ ಸೇರಿತು. ನೆನಪಿಗೆ ನೀರಿನ ನಡುವೆ ದೊಡ್ಡ ಶಿಲುಬೆ ನಿಲ್ಲಿಸಿದ್ದಾರೆ. ಫೋಟೊ ತೆಗೆಯಿರಿ, ಆದರೆ ಅಲ್ಲಿನವರ ಹಿರಿಯರು ಮಲಗಿರುವ ಜಾಗ ಅನ್ನುವುದು ಗಮನದಲ್ಲಿರಲಿ. ಹತ್ತಿರದಲ್ಲೇ ಆಗ ಹಾಳಾದ ಗಿಯೋಬ್ ಚರ್ಚಿನ ಗೋಡೆಗಳಿವೆ. ಹವಳದ ಕಲ್ಲುಗಳು, ಮೇಲೆಲ್ಲ ಪಾಚಿ. ಮಲೆನಾಡಿನವರಾದ ನಿಮಗೆ ಆ ಹಸಿರು ಇಷ್ಟವಾಗುತ್ತೆ.

ದಾರಿ ಹೀಗೆ: ಮನಿಲಾ ಅಥವಾ ಸೆಬುವಿನಿಂದ ಕಗಾಯನ್ ಡಿ ಓರೊಗೆ ವಿಮಾನ, ಅಲ್ಲಿಂದ ಬಸ್ಸಿನಲ್ಲಿ ಬಲಿಂಗೋಆನ್ ಬಂದರು, ಆಮೇಲೆ ಒಂದು ಗಂಟೆಗೂ ಮೀರಿದ ದೋಣಿ ಪ್ರಯಾಣ. ಡಿಸೆಂಬರ್, ಜನವರಿಯಲ್ಲಿ ಮಳೆ ಜಾಸ್ತಿ, ಅಲೆಯೂ ಜೋರು. ಏಪ್ರಿಲ್, ಮೇ ವಾಸಿ. 2025ರ ಜೂನ್‌ನಿಂದ ಭಾರತೀಯ ಪ್ರವಾಸಿಗಳಿಗೆ 14 ದಿನ ವೀಸಾ ಬೇಡ ಅಂದಿದ್ದಾರೆ. ನಿಯಮ ಬದಲಾಗುತ್ತಿರುತ್ತೆ, ಟಿಕೆಟ್ ಮಾಡಿಸುವ ಮೊದಲು ಒಮ್ಮೆ ವಿಚಾರಿಸಿ.

ಊಟವೇ ನಿಜವಾದ ತಾಪತ್ರಯ. ತರಕಾರಿ ಪಲ್ಯಕ್ಕೂ ಅಲ್ಲಿ ಮೀನಿನದೋ ಸಿಗಡಿಯದೋ ಗೊಜ್ಜು ಬೆರೆಸುತ್ತಾರೆ. ‘ವಾಲಾಯ್ ಕಾರ್ನೆ, ವಾಲಾಯ್ ಇಸ್ದಾ’ ಅನ್ನಿ, ಮಾಂಸ ಬೇಡ, ಮೀನು ಬೇಡ ಅಂತ. ಆದರೂ ಅಡುಗೆಮನೆ ಇರುವ ಕೋಣೆ ಹಿಡಿಯುವುದೇ ಕ್ಷೇಮ. ಅಕ್ಕಿ, ತೆಂಗಿನಕಾಯಿ, ಕುಂಬಳಕಾಯಿ, ಬಾಳೆಹಣ್ಣು ಧಾರಾಳವಾಗಿ ಸಿಗುತ್ತೆ. ಸಾರಿನಪುಡಿ, ಚಟ್ನಿಪುಡಿ ನೀವು ಒಯ್ಯಿರಿ. ಹಣ್ಣಿನಾಸೆಯೇ ಜಾಸ್ತಿ ಇದ್ದರೆ ಅಕ್ಟೋಬರ್‌ನಲ್ಲಿ ಹೋಗಿ, ಆಗ ಲಾನ್ಸೋನೆಸ್ ಹಬ್ಬ. ಗೊಂಚಲು ಗೊಂಚಲು ಹಣ್ಣು. ತುದಿ ಅದುಮಿದರೆ ಸಿಪ್ಪೆ ಬಿಡುತ್ತೆ, ಒಳಗೆ ಗಾಜಿನಂಥ ತೊಳೆ, ಸಿಹಿಯೊಳಗೊಂದು ಸಣ್ಣ ಹುಳಿ. ಬೀಜ ಮಾತ್ರ ಕಚ್ಚಬೇಡಿ, ವಿಪರೀತ ಕಹಿ.