ಓದುಗರ ಪ್ರಶ್ನೆ, ವೈದ್ಯರ ಉತ್ತರ: ರಾತ್ರಿ ಕುಡಿದದ್ದು ಬೆಳಗಾಗುವಷ್ಟರಲ್ಲಿ ಇಳಿಯುತ್ತದೆಯೇ?

ಪ್ರಶ್ನೆ: ನನ್ನ ತಮ್ಮ ತರಕಾರಿ ಸಾಗಿಸುವ ಟೆಂಪೊ ಓಡಿಸುತ್ತಾನೆ. ರಾತ್ರಿ ಹತ್ತಕ್ಕೆ ಕುಳಿತು ಒಂದು ಕ್ವಾರ್ಟರ್ ವಿಸ್ಕಿ ಮುಗಿಸಿ ಮಲಗುತ್ತಾನೆ. ನಾಲ್ಕು ಗಂಟೆಗೆ ಎದ್ದು ನಿಂಬೆ ಪಾನಕವನ್ನೂ ಸ್ಟ್ರಾಂಗ್ ಕಾಫಿಯನ್ನೂ ಕುಡಿದು ಗಾಡಿ ಹತ್ತುತ್ತಾನೆ. ನಿದ್ದೆ ಮಾಡಿದರೆ ಎಲ್ಲ ಇಳಿದುಹೋಗುತ್ತದೆ ಎಂಬ ಅವನ ಮಾತು ನಿಜವೇ?
— ಓದುಗರು, ಹಾವೇರಿ

ಉತ್ತರ: ನಿಜವಲ್ಲ, ಲೆಕ್ಕ ಹಾಕಿ ನೋಡೋಣ. ಕ್ವಾರ್ಟರ್ ಎಂದರೆ 180 ಮಿ.ಲೀ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ವಿಸ್ಕಿಯಲ್ಲಿ ಶೇ. 42.8ರಷ್ಟು ಆಲ್ಕೋಹಾಲ್ ಇರುವುದರಿಂದ, ತೂಕದಲ್ಲಿ ಹೇಳುವುದಾದರೆ ಆ ಒಂದು ಬಾಟಲಿಯಲ್ಲಿ ಸುಮಾರು 60 ಗ್ರಾಂ ಆಲ್ಕೋಹಾಲ್ ಹೊಟ್ಟೆ ಸೇರುತ್ತದೆ. ಅದರ ಐದನೆಯ ಒಂದು ಭಾಗ ಜಠರದಲ್ಲಿಯೂ ಉಳಿದದ್ದು ಸಣ್ಣ ಕರುಳಿನಲ್ಲಿಯೂ ರಕ್ತಕ್ಕೆ ಇಳಿದು, ಮೊದಲು ಯಕೃತ್ತಿಗೆ, ಅಲ್ಲಿಂದ ಮಿದುಳೂ ಸೇರಿದಂತೆ ಮೈಯೆಲ್ಲ ಹರಡುತ್ತದೆ. ಯಕೃತ್ತಿನ ಕಿಣ್ವವೊಂದು ಆಲ್ಕೋಹಾಲನ್ನು ಅಸಿಟಾಲ್ಡಿಹೈಡ್ ಎಂಬ ವಿಷವಸ್ತುವಾಗಿ ಪರಿವರ್ತಿಸುತ್ತದೆ. ಇನ್ನೊಂದು ಕಿಣ್ವ ಆ ವಿಷವನ್ನು ಅಸಿಟೇಟ್ ಆಗಿಸಿದ ಮೇಲೆಯೇ ಅದು ಕೊನೆಗೆ ನೀರು ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಹೊರಬೀಳಲು ಸಾಧ್ಯ.

ಇಲ್ಲಿ ಮುಖ್ಯವಾದದ್ದು ಈ ಕೆಲಸದ ವೇಗ. ಮೊದಲ ಕಿಣ್ವ ಸ್ವಲ್ಪ ಆಲ್ಕೋಹಾಲ್ ಬಂದರೂ ತನ್ನ ಪೂರ್ಣ ಸಾಮರ್ಥ್ಯಕ್ಕೆ ತಲುಪಿಬಿಡುತ್ತದೆ. ಒಬ್ಬರೇ ತೂಗಿಕೊಡುವ ನ್ಯಾಯಬೆಲೆ ಅಂಗಡಿಯ ಮುಂದೆ ಸಾಲು ಎಷ್ಟೇ ಬೆಳೆದರೂ ಗಂಟೆಗೆ ಹೋಗುವ ಚೀಲಗಳು ಅಷ್ಟೇ ಅಲ್ಲವೇ? ಸಾಧಾರಣ ಮೈಕಟ್ಟಿನ ಗಂಡಸಿನ ಯಕೃತ್ತು ಗಂಟೆಗೆ ಸುಮಾರು 7 ಗ್ರಾಂ ಕರಗಿಸುತ್ತದೆ. ಕೆಲವರಲ್ಲಿ ಇದು ಸ್ವಲ್ಪ ಹೆಚ್ಚು, ಕೆಲವರಲ್ಲಿ ಇನ್ನೂ ಕಡಿಮೆ. ಹತ್ತರಿಂದ ನಾಲ್ಕರವರೆಗಿನ ಆರು ಗಂಟೆಗಳಲ್ಲಿ 42 ಗ್ರಾಂ ಕರಗಿದರೂ 18 ಗ್ರಾಂ ಉಳಿದೇ ಇರುತ್ತದೆ. 60 ಕೆ.ಜಿ. ತೂಕದವರಲ್ಲಿ ಇದು 100 ಮಿ.ಲೀ. ರಕ್ತಕ್ಕೆ 40 ಮಿ.ಗ್ರಾಂ. ಆಸುಪಾಸಿಗೆ ಬರುತ್ತದೆ. ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಮಿತಿ 30 ಮಿ.ಗ್ರಾಂ. ಎಂದರೆ ತಮಗೆ ನಶೆಯಿಲ್ಲ ಎಂದು ನಂಬಿಯೇ ನಿಮ್ಮ ತಮ್ಮ ಕುಡಿದ ಸ್ಥಿತಿಯಲ್ಲಿ ಹೆದ್ದಾರಿಗೆ ಇಳಿಯುತ್ತಿರುವ ಸಾಧ್ಯತೆ ದೊಡ್ಡದು.

ಕಾಫಿ ಕಣ್ಣು ತೆರೆಸುತ್ತದೆ, ಆದರೆ ಯಕೃತ್ತಿನ ಕೆಲಸವನ್ನು ಚುರುಕುಗೊಳಿಸುವುದಿಲ್ಲ. ಎಚ್ಚರವಾಗಿದ್ದೇನೆ ಎಂಬ ಭ್ರಮೆ ಹುಟ್ಟಿಸುವುದರಿಂದ ಅದು ಅಪಾಯವನ್ನು ಹೆಚ್ಚಿಸುತ್ತದೆ ಎಂದೇ ನಾನು ಹೇಳುತ್ತೇನೆ. ಆಲ್ಕೋಹಾಲ್ ವಾಸೊಪ್ರೆಸಿನ್ ಹಾರ್ಮೋನನ್ನು ತಡೆದು ಮೂತ್ರವನ್ನು ಹೆಚ್ಚಿಸುವ ಕಾರಣ ನೀರು ಕಡಿಮೆಯಾದ ದೇಹಕ್ಕೆ ನಿಂಬೆ ಪಾನಕ ಹಿತವೆನಿಸುವುದು ನಿಜ, ಆದರೆ ಅದರ ಉಪಯೋಗ ಅಷ್ಟಕ್ಕೇ ಮುಗಿಯುತ್ತದೆ. ತಣ್ಣೀರ ಸ್ನಾನವೂ ವಾಂತಿಯೂ ರಕ್ತದಲ್ಲಿ ಆಗಲೇ ಸೇರಿರುವುದನ್ನು ಕಡಿಮೆ ಮಾಡಲಾರವು.

ಪ್ರಶ್ನೆ: ನನ್ನ ಯಜಮಾನರು ಶುಗರ್‌ಗೆ ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಊಟ ಬಿಟ್ಟು ಎರಡು ಪೆಗ್ ಹಾಕಿದ ಮರುದಿನ ಮೀಟರಿನಲ್ಲಿ ಶುಗರ್ ಕಡಿಮೆ ಬರುವುದನ್ನು ತೋರಿಸಿ, ಕುಡಿತವೇ ಔಷಧಿ ಎನ್ನುತ್ತಾರೆ.
— ಓದುಗರು, ತುಮಕೂರು

ಉತ್ತರ: ಅವರು ಲಾಭವೆಂದುಕೊಂಡಿರುವುದು ಅಪಾಯದ ಸೂಚನೆ. ನಾವು ಉಪವಾಸವಿರುವಾಗ ಯಕೃತ್ತು ಹೊಸ ಗ್ಲೂಕೋಸ್ ತಯಾರಿಸಿ ರಕ್ತಕ್ಕೆ ಬಿಡುತ್ತಿರುತ್ತದೆ. ಆಲ್ಕೋಹಾಲ್ ಕರಗಿಸುವ ಕೆಲಸಕ್ಕೆ ಸಿಕ್ಕಿಕೊಂಡಾಗ ಆ ತಯಾರಿಕೆ ಕುಂಠಿತವಾಗುತ್ತದೆ. ಇನ್ನೊಂದೆಡೆ ಮಾತ್ರೆ ಇನ್ಸುಲಿನ್ ಬಿಡಿಸುತ್ತಲೇ ಇರುವುದರಿಂದ ನಡುರಾತ್ರಿ ಶುಗರ್ 70ಕ್ಕಿಂತ ಕೆಳಗಿಳಿದು ಬೆವರು, ನಡುಕ, ತೊದಲು, ಮಂಕು ಕಾಣಿಸಿಕೊಳ್ಳಬಹುದು. ನನ್ನನ್ನು ಹೆಚ್ಚು ಕಾಡುವುದು ಇದೇ: ಇವೆಲ್ಲ ಕುಡಿದವರ ಲಕ್ಷಣಗಳಂತೆಯೇ ಇರುವುದರಿಂದ ಮನೆಯವರು ‘ಮಲಗಲಿ ಬಿಡಿ’ ಎಂದು ಸುಮ್ಮನಾಗುತ್ತಾರೆ. ಹಾಗೆ ಬಿಡದೆ ಮೀಟರಿನಲ್ಲಿ ನೋಡಿ. ನುಂಗಲು ಆಗುವಂತಿದ್ದರೆ ಮೂರು ನಾಲ್ಕು ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಸಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಿ.

ಪ್ರಶ್ನೆ: ಇಪ್ಪತ್ತು ವರ್ಷದಿಂದ ದಿನವೂ ಕುಡಿಯುವ ನಮ್ಮ ತಂದೆ ಈ ಸಲ ಅಯ್ಯಪ್ಪನ ಮಾಲೆ ಹಾಕಿ ಒಮ್ಮೆಲೇ ಬಿಡುತ್ತೇನೆ ಎನ್ನುತ್ತಿದ್ದಾರೆ. ತೊಂದರೆ ಇದೆಯೇ?
— ಓದುಗರು, ಚಿತ್ರದುರ್ಗ

ಉತ್ತರ: ಅವರ ಸಂಕಲ್ಪ ದೊಡ್ಡದು, ಅದನ್ನು ಯಾರೂ ಕುಗ್ಗಿಸಬೇಡಿ. ಆದರೆ ಮಾಲೆ ಹಾಕುವ ಮೊದಲೇ ವೈದ್ಯರನ್ನು ಕಾಣಲಿ. ವರ್ಷಗಟ್ಟಲೆ ಆಲ್ಕೋಹಾಲಿನ ಮಂಪರಿಗೆ ಎದುರಾಗಿ ತನ್ನ ಉದ್ರೇಕವನ್ನು ಹೆಚ್ಚಿಸಿಕೊಂಡೇ ಬಂದಿರುವ ಮಿದುಳು, ಕುಡಿತ ತಟ್ಟನೆ ನಿಂತಾಗ ಹತೋಟಿ ತಪ್ಪುತ್ತದೆ. ಮೊದಲ ದಿನ ಕೈನಡುಕ ಮತ್ತು ನಿದ್ದೆಗೇಡು, ಒಂದೆರಡು ದಿನಗಳೊಳಗೆ ಫಿಟ್ಸ್, ಎರಡು ಮೂರನೆಯ ದಿನ ಇಲ್ಲದ್ದನ್ನು ಕಾಣುವ ಸನ್ನಿ ಬರಬಹುದು. ಸನ್ನಿ ಹಿಡಿದವರು ಚಿಕಿತ್ಸೆ ಸಿಗದೆ ಸಾಯುವುದೂ ಉಂಟು. ತೂಗಿ ಕಡಿಮೆ ಮಾಡುತ್ತಾ ಬರುವ ಮಾತ್ರೆಗಳು ಮತ್ತು ಬಿ1 ವಿಟಮಿನ್ ಚುಚ್ಚುಮದ್ದಿನಿಂದ ಇದನ್ನು ತಡೆಯಬಹುದು. ಜಿಲ್ಲಾಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗದಲ್ಲಿ ತೋರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವ್ಯಸನ ಚಿಕಿತ್ಸಾ ಕೇಂದ್ರವಿದೆ. ಮೊದಲು ಮಾತನಾಡಿ ನೋಡಬೇಕೆಂದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು, ಅಲ್ಲಿ ಕನ್ನಡದಲ್ಲಿಯೇ ಮಾತನಾಡುತ್ತಾರೆ.